ಕಣ್ಣಲ್ಲಿ ಹುಡುಕಬೇಡಿ ಎಂದವರು

ಕೆ.ಆರ್. ಪೇಟೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಹೊಸ ಹುಡುಗರು ಲ್ಯಾಬಿಗೆ ಕಾಲಿಡುವ ಮುಂಚೆ ಮೇಡಂ ಎಲ್ಲ ಕಂಪ್ಯೂಟರುಗಳ ಮೌಸುಗಳನ್ನೂ ಕಿತ್ತು ಆ ಬೀರುವಿನೊಳಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡುಬಿಡುತ್ತಿದ್ದರು. "ಇಲಿ ಇರಬೇಕಾದ್ದು ಬೋನಲ್ಲಿ ಕಣ್ರಲಾ, ಕೈಯಲ್ಲಲ್ಲ" ಎನ್ನುವುದೇ ಅವರ ಸ್ವಾಗತ ಭಾಷಣ. ಹುಡುಗರು ಪ್ರಾಂಶುಪಾಲರ ಬಳಿ ದೂರು ಒಯ್ಯುತ್ತಿದ್ದರು. ಪ್ರಾಂಶುಪಾಲರು ಮೇಡಂ ಬಳಿ ಹೋಗಿ, ಕೇಳಬೇಕಾದ್ದನ್ನು ಕೇಳದೆ, ಆರೋಗ್ಯ ವಿಚಾರಿಸಿಕೊಂಡು ವಾಪಸಾಗುತ್ತಿದ್ದರು.

ಹೋದ ತಿಂಗಳು ಮೇಡಂ ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭದಲ್ಲಿ ಮಾತಾಡಿದವರೆಲ್ಲ ಅವರನ್ನು ಮೃದುಭಾಷಿ ಅಂದರು. ಅವರ ಬಾಯಲ್ಲಿ ಬೈಸಿಕೊಳ್ಳದ ಒಬ್ಬನೇ ಒಬ್ಬ ಮನುಷ್ಯ ಆ ಸಭಾಂಗಣದಲ್ಲಿದ್ದರೆ ಅವನು ಬಾಡಿಗೆ ಕುರ್ಚಿ ತಂದವನು ಮಾತ್ರ. ಕನ್ನಡ ಮೇಷ್ಟ್ರು ಅಂದಮೇಲೆ ನಾನೂ ಮಾತಾಡಲೇಬೇಕಿತ್ತು. ವೇದಿಕೆ ಹತ್ತುವಾಗ ಅವರು ನನ್ನ ತೋಳು ಹಿಡಿದು ಮೆಲ್ಲಗೆ, "ಕಂಡಿದ್ದು ಮಾತ್ರ ಯೋಳಿ ಸಾರ್. ಕೇಳಿದ್ದು ಬ್ಯಾಡ" ಅಂದರು. ಕಂಡದ್ದನ್ನೇ ಹೇಳಲು ಹೊರಟರೆ ಅದು ವೇದಿಕೆಯ ಮೇಲೆ ಮುಗಿಯುವಂಥದ್ದಲ್ಲ. ನಾಲ್ಕು ಮಾತು ಆಡಿ ಇಳಿದುಬಿಟ್ಟೆ. ಅಂದು ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಅದು ಅವರಿಗೆ ಇಷ್ಟವಾಗುವುದಿಲ್ಲ. ನಮ್ಮ ಕಾಲೇಜಿನಲ್ಲಿ ಬರೀ ಮೇಡಂ ಅಂದರೆ ಅವರೊಬ್ಬರೇ ಅನ್ನುವುದು ಹೇಗೂ ಎಲ್ಲರಿಗೂ ಗೊತ್ತು.

ಅವರ ಹುಟ್ಟೂರು ಕ್ಯಾತನಹಳ್ಳಿ, ಸಂಸಾರ ಪಾಂಡವಪುರದಲ್ಲಿ. ಕಬ್ಬು ಬೆಳೆಯುವ ಮನೆಯ ಮಗಳು. ಎಂ.ಸಿ.ಎ. ಓದಿದ್ದರೂ ಮಾತು ಮಾತ್ರ ಗದ್ದೆ ಬದುವಿನದು. ಪಾಠವನ್ನೂ ಅದೇ ಮಾತಿನಲ್ಲಿ ಮಾಡುತ್ತಿದ್ದರು. ಅವರ ಪ್ರಾಣ ಇದ್ದದ್ದು ಕಪ್ಪು ಪರದೆಯಲ್ಲಿ. ಚಿತ್ರವಿಲ್ಲ, ಬಣ್ಣವಿಲ್ಲ, ಒಂದು ಮಿನುಗುವ ಗೆರೆ, ನಾವು ಬೆರಳಚ್ಚಿಸಿದ ಆಜ್ಞೆ, ಅದರ ಕೆಳಗೆ ಉತ್ತರ. ಆ ಆಜ್ಞೆಗಳಲ್ಲಿ ಒಂದಕ್ಕೆ ಗ್ರೆಪ್ ಎಂದು ಹೆಸರು. ಇಂಥ ಮಾತು ಬೇಕು, ಈ ಫೈಲಿನಲ್ಲಿ ನೋಡು ಅಂದರೆ ಸಾಕು, ಆ ಮಾತಿರುವ ಸಾಲುಗಳನ್ನಷ್ಟೇ ಎತ್ತಿ ಮುಂದಿಡುತ್ತದೆ. ಲಕ್ಷ ಸಾಲಿದ್ದರೂ ಅಷ್ಟೆ, ಹತ್ತು ಸಾಲಿದ್ದರೂ ಅಷ್ಟೆ. ಫೈಲು ತೆರೆದು ಬೆರಳಲ್ಲಿ ಉರುಳಿಸುತ್ತ ಓದುತ್ತ ಕೂರುವವರನ್ನು ಕಂಡರೆ ಮೇಡಂಗೆ ಮೈಯೆಲ್ಲ ಉರಿ. "ಕಣ್ಣಲ್ಲಿ ಉಡುಕಬ್ಯಾಡಿ ಕಣ್ರಲಾ. ಕಣ್ಣು ತನಗೆ ಬೇಕಾದ್ದನ್ನೇ ನೋಡ್ತದೆ. ಬಾಯಿ ಬುಟ್ಟು ಕೇಳಿ" ಎನ್ನುತ್ತಿದ್ದರು.

ಅವರ ಮೊದಲ ಪಾಠವನ್ನು ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ. ನನ್ನ ತರಗತಿ ಪಕ್ಕದಲ್ಲೇ, ಹಾಗಾಗಿ ಅವರ ದನಿ ಹೇಗೂ ನಮ್ಮ ಕಾವ್ಯಪಾಠದೊಳಕ್ಕೆ ನುಗ್ಗಿ ಬರುತ್ತಿತ್ತು.

"ಇಲ್ಲಿ ನಿಂತ್ಕಂಡು ಗೌಡ ಅಂತ ಕೂಗುದ್ರೆ ಏಸು ಜನ ತಿರುಗ್ತೀರ್ಲಾ?"

ಮಂಡ್ಯ ಸೀಮೆಯ ಕಾಲೇಜು. ಅರ್ಧಕ್ಕರ್ಧ ತರಗತಿ ಕೈ ಎತ್ತುತ್ತಿತ್ತು.

"ಚೆನ್ನೇಗೌಡ ಅಂದ್ರೆ?"

ಅಲ್ಲೊಂದು ಇಲ್ಲೊಂದು ಕೈ ಉಳಿಯುತ್ತಿತ್ತು.

"ಸಂತೆಬಾಚಳ್ಳಿ ಚೆನ್ನೇಗೌಡ, ಕುಂಟೋ ಸೈಕಲ್ಲೋನು?"

ಒಬ್ಬ ನಾಚಿಕೊಂಡು ಎದ್ದು ನಿಲ್ಲುತ್ತಿದ್ದ. ಉಳಿದವರು ಹೋ ಎನ್ನುತ್ತಿದ್ದರು.

"ಇಷ್ಟೇ ಕಣ್ರಲಾ ಇದ್ಯೆ. ಬೇಕಾದೋನು ಮಾತ್ರ ತಿರುಗಂಗೆ ಕೂಗೋದು ಕಲೀಬೇಕು. ಎಲ್ರೂ ತಿರುಗುದ್ರೆ ಕೂಗ್ದೋನ್ದು ತಪ್ಪು, ತಿರುಗ್ದೋರ್ದಲ್ಲ."

ಹುಡುಕುವ ಮಾತಿನಲ್ಲಿ ಅಕ್ಷರ ಗೊತ್ತಿಲ್ಲದ ಕಡೆ ಹಾಕುವ ಚುಕ್ಕಿಯನ್ನೂ ನಕ್ಷತ್ರವನ್ನೂ ಅವರು ಬಸ್ಸಿಗೆ ಹತ್ತಿಸಿಯೇ ಕಲಿಸುತ್ತಿದ್ದರು. ಚುಕ್ಕಿ ಅಂದರೆ ಒಂದು ಸೀಟು. ಯಾರು ಬೇಕಾದರೂ ಕೂರಬಹುದು, ಆದರೆ ಒಬ್ಬರು ಕೂರಲೇಬೇಕು. ಚುಕ್ಕಿಯ ಪಕ್ಕ ನಕ್ಷತ್ರ ಬಂತೋ, ಅದು ಕಿಟಕಿಯಿಂದ ಟವಲ್ ಎಸೆದು ಉದ್ದೂಕೂ ಸೀಟು ಹಿಡಿಯುವ ಪಾಂಡವಪುರದ ಬಸ್ಸಿನ ಗಿರಾಕಿ. ಎಷ್ಟು ಸಿಕ್ಕರೆ ಅಷ್ಟನ್ನೂ ಬಾಚಿಕೊಳ್ಳುತ್ತಾನೆ. "ಅವ್ನನ್ನ ನಂಬ್ಕಬ್ಯಾಡಿ. ಬೇರೆ ದಾರಿ ಇಲ್ದೇ ಇದ್ರೆ ಮಾತ್ರ ಕರೀರಿ" ಅನ್ನುತ್ತಿದ್ದರು. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ಹೀಗೆ ಎರಡು ಮಾತಿನಲ್ಲಿ ಹುಡುಗರ ತಲೆಯೊಳಗೆ ಕೂತುಬಿಡುತ್ತಿತ್ತು.

ನನಗೂ ಒಮ್ಮೆ ಅವರಲ್ಲಿ ಪಾಠವಾಯಿತು. ನಾನು ಬರೆದ ಲೇಖನಗಳಿಗೆಲ್ಲ ಕಂಪ್ಯೂಟರಿನಲ್ಲಿ ‘ಹೊಸದು’, ‘ಹೊಸದು ಒಂದು’, ‘ನಿಜವಾಗಿ ಹೊಸದು’ ಅಂತಲೇ ಹೆಸರು. ನಾಗಮಂಗಲದಲ್ಲಿ ಮಾಡಬೇಕಿದ್ದ ಒಂದು ಭಾಷಣದ ಬರಹ ಆ ಹೊಸದುಗಳ ರಾಶಿಯಲ್ಲಿ ಹೂತುಹೋಗಿತ್ತು. ಮೇಡಂ ಕುರ್ಚಿ ಎಳೆದುಕೊಂಡು ಕೂತು, "ಯಾವ ಮಾತು ಉಡುಕ್ಲಿ?" ಅಂದರು.

"ಸಾಹಿತ್ಯ ಅಂತ ಹುಡುಕಿ ಮೇಡಂ."

ಪರದೆ ತುಂಬಿ, ತುಳುಕಿ, ಸಾಲುಗಳು ಓಡತೊಡಗಿದವು. ಮೇಡಂ ನನ್ನ ಕಡೆ ತಿರುಗಿ, "ಸಾಹಿತ್ಯ ಬುಟ್ರೆ ನಿಮ್ತಾವ ಇನ್ನೇನ್ ಇದ್ದದು ಸಾರ್? ಅದ್ರಲ್ಲಿ ಮಾತ್ರ ಇದ್ದು ಇನ್ಯಾವ್ದ್ರಲ್ಲೂ ಇರ್ದೇ ಇರೋ ಮಾತು ಯೋಳಿ" ಅಂದರು. ನಾನು ತುಂಬಾ ಹೊತ್ತು ಯೋಚಿಸಿದೆ. ಇಷ್ಟು ವರ್ಷ ಬರೆದದ್ದರಲ್ಲಿ ಒಂದು ಲೇಖನದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಮಾತು ಹೊಳೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೊನೆಗೆ ನೆನಪಾಯಿತು, ನಮ್ಮೂರ ರೇಷ್ಮೆ ಮನೆಯ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. "ಹಿಪ್ಪುನೇರಳೆ" ಅಂದೆ. ಒಂದೇ ಸಾಲು ಬಂತು. ಅದೇ ಬರಹ. "ನೋಡಿ, ನಿಮ್ದು ಅಂತ ಇದ್ದುದ್ದು ಅದೊಂದೇ ಮಾತು" ಅಂದು ಎದ್ದು ಹೋದರು. ಇದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಕಂಪ್ಯೂಟರಿನ ಹೊರಗೂ ಅವರ ರೀತಿ ಅದೇ. ಒಮ್ಮೆ ನಾವೆಲ್ಲ ಸಂಸಾರ ಸಮೇತ ಕರಿಘಟ್ಟಕ್ಕೆ ಹೋಗಿದ್ದೆವು. ದೇವರ ದರ್ಶನ ಮುಗಿಸಿ ಬರುವಷ್ಟರಲ್ಲಿ ನಮ್ಮ ಇತಿಹಾಸದ ಮೇಷ್ಟ್ರ ಪುಟ್ಟ ಮಗಳು ಕಾಣಿಸಲಿಲ್ಲ. ಕೆಳಗೆ ಹೊಳೆ ಬೇರೆ. ಕೆಂಪು ಫ್ರಾಕು, ಕೆಂಪು ಫ್ರಾಕು ಎಂದು ಕೂಗುತ್ತ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಿದರು. ಮೇಡಂ ಮಾತ್ರ ನಿಂತಲ್ಲೇ ನಿಂತು, ಅಳುತ್ತಿದ್ದ ತಾಯಿಯ ಭುಜ ಹಿಡಿದು, "ಕೆಂಪು ಫ್ರಾಕು ಇಲ್ಲಿ ಏಸೋ ಮಕ್ಳು ಆಕಂಡವೆ. ನಿನ್ ಮಗಿಗೆ ಮಾತ್ರ ಇರೋ ಚಾಳಿ ಯಾವ್ದು ಯೋಳವ್ವ" ಅಂದರು. ತಾಯಿ ಬಿಕ್ಕುತ್ತಲೇ, ಮನೆಗೆ ನೆಂಟರು ಬಂದರೆ ಅವರ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ ಸಾಲಾಗಿ ಇಡುತ್ತಾಳೆ ಅಂದಳು. ಮೇಡಂ ನೇರ ಗುಡಿಯ ಮುಂದೆ ಚಪ್ಪಲಿ ಬಿಡುವ ಜಾಗಕ್ಕೆ ನಡೆದರು. ಮಗು ಅಲ್ಲಿ ಇಡೀ ಊರಿನ ಚಪ್ಪಲಿಗಳ ನಡುವೆ ಕೂತು, ಜೊತೆ ಸಿಗದ ಒಂದನ್ನು ಕೈಯಲ್ಲಿ ಹಿಡಿದು ಚಿಂತೆ ಮಾಡುತ್ತಿತ್ತು.

ಇಂಥವರ ಜೊತೆ ಬಾಳುವುದು ಸುಲಭವಲ್ಲ, ನಿಜ. "ನಮ್ಮನೇಲಿ ಸಾಮಾನು ಕಾಣ್ತಿಲ್ಲ ಅನ್ನಂಗಿಲ್ಲ ಸಾರ್. ಎಲ್ಲೆಲ್ಲಿ ಉಡುಕ್ದೆ, ಏನಂತ ಉಡುಕ್ದೆ ಅಂತ ಇಚಾರಣೆ ಆಯ್ತದೆ" ಎಂದು ಅವರ ಯಜಮಾನರು ಒಮ್ಮೆ ನನ್ನಲ್ಲಿ ಗೋಳು ತೋಡಿಕೊಂಡಿದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರ ಬಗ್ಗೆಯಾದರೂ ಸುದ್ದಿ ಹುಟ್ಟಿದರೆ ಅದು ಮೇಡಂ ಕುರ್ಚಿಯವರೆಗೆ ಬಂದು ಸಾಯುತ್ತಿತ್ತು. "ಕಂಡೋರ್ಯಾರು?" ಅಂದುಬಿಡುತ್ತಿದ್ದರು, ಅಷ್ಟೆ. ಸುದ್ದಿ ತಂದವರು ಟೀ ಕುಡಿದು ಎದ್ದು ಹೋಗುತ್ತಿದ್ದರು. ಮೇಡಂ ಯಾರನ್ನೂ ವಹಿಸಿಕೊಂಡು ಮಾತಾಡಿದ್ದನ್ನು ನಾನು ಕಂಡಿಲ್ಲ. ನೀನು ಒಳ್ಳೆಯವನು ಎಂದು ಬಾಯಿಮಾತಿಗೂ ಅಂದವರಲ್ಲ. ಈ ಬಿರುಸು ನಮ್ಮಲ್ಲಿ ಕೆಲವರಿಗೆ ನೋವು ಮಾಡಿದ್ದೂ ಉಂಟು.

ಹುಡುಗರು ಏನನ್ನೋ ಹುಡುಕಿ, ಏನೂ ಬರದೆ, "ಇಲ್ಲ ಮೇಡಂ" ಎಂದು ಕೈಚೆಲ್ಲಿದರೆ ಅವರು ಹೇಳುತ್ತಿದ್ದ ಮಾತು ಒಂದಿದೆ. "ಏನೂ ಬರ್ನಿಲ್ಲ ಅಂದ್ರೆ ಇಲ್ಲ ಅಂತಲ್ಲ ಕಣ್ಲಾ. ನೀನು ಕೇಳ್ದಂಗೆ ಇಲ್ಲ ಅಂತ. ಬೇರೆ ತರ ಕೇಳು." ನನಗೆ ಅವರ ಮಾತುಗಳಲ್ಲೆಲ್ಲ ಇಷ್ಟವಾದದ್ದು ಇದೇ. ಅದರ ಬೆಲೆ ಏನು ಅಂತ ಗೊತ್ತಾದದ್ದು ನಮ್ಮ ದೊಡ್ಡವ್ವನ ವಿಷಯದಲ್ಲಿ.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಸಂತೆಬಾಚಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು ಅವರದು. ಊರಿನವರು ಕೆಂಪಕ್ಕ ಅನ್ನುತ್ತಾರೆ. ಎರಡು ಹಸು ಕಟ್ಟಿಕೊಂಡು, ಎರಡು ಹೊತ್ತೂ ಊರ ಹಾಲಿನ ಡೈರಿಗೆ ಹಾಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಇದ್ದವರು. ಅವರ ಕೈಗುಣ ಚೆನ್ನ ಎಂದು ಊರಲ್ಲಿ ಹೆಸರು. ಡೈರಿಯ ಸೆಕ್ರೆಟ್ರಿ ಶಿವಣ್ಣ ದೈವಭಕ್ತ, ಸಾಧು ಮನುಷ್ಯ. ಎರಡು ಹೊತ್ತಿನ ಬೋಣಿಯೂ ಕೆಂಪಕ್ಕನ ಹಾಲಿನದೇ ಆಗಬೇಕು ಎನ್ನುವುದು ಆತನ ನಂಬಿಕೆ. ಎಷ್ಟೇ ಉದ್ದ ಸಾಲು ನಿಂತಿರಲಿ, "ಕೆಂಪಕ್ಕ ಬರ್ಲಿ, ತಡೀರಪ್ಪ" ಎನ್ನುತ್ತಿದ್ದ. ಜನವೂ ದಾರಿ ಬಿಡುತ್ತಿದ್ದರು. ದೊಡ್ಡವ್ವ ಕ್ಯಾನು ಹಿಡಿದು ಎಲ್ಲರ ಮುಂದೆ ಹೋಗಿ ನಿಲ್ಲುವಾಗ ಅವರ ನಡಿಗೆಯೇ ಬೇರೆ ಇರುತ್ತಿತ್ತು. ನಾನು ನೋಡಿದ್ದೇನೆ.

ಡೈರಿಗೆ ಹಾಲು ಪರೀಕ್ಷೆಯ ಹೊಸ ಮಷೀನು ಬಂತು. ಒಂದು ಲೋಟ ಹಾಲಿಗೆ ಅದರ ಕೊಳವೆ ಅದ್ದಿದರೆ ಸಾಕು, ಹಾಲು ಎಷ್ಟು ಗಟ್ಟಿ, ಅದಕ್ಕೆ ನೀರು ಸೇರಿದೆಯೇ, ಎಲ್ಲ ಚೀಟಿಯಲ್ಲಿ ಬರುತ್ತದೆ. ದೊಡ್ಡವ್ವನ ಚೀಟಿಯಲ್ಲಿ ನೀರು ಅಂತ ಬಂತು. ಮಾರನೆಯ ದಿನವೂ ಬಂತು. ಶಿವಣ್ಣ ಮೊದಮೊದಲು ಚೀಟಿ ಹರಿದು ಎಸೆದ. ಆಮೇಲೆ ಮೆಲ್ಲಗೆ, "ಅಕ್ಕ, ಕ್ಯಾನು ತೊಳ್ದು ವಸಿ ವರ್ಸ್ಕಂಡು ಬಾ" ಅಂದ. ದೊಡ್ಡವ್ವ ಕ್ಯಾನನ್ನು ಬಿಸಿಲಲ್ಲಿ ಒಣಗಿಸಿ ತಂದರೂ ನೀರು ಹೋಗಲಿಲ್ಲ. ಸಾಲಿನಲ್ಲಿ ಪಿಸುಮಾತು ಶುರುವಾಯಿತು. ಹಾಲಿಗೆ ನೀರು ಹಾಕುವವರು ಅನ್ನಿಸಿಕೊಳ್ಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅಂಥ ಮನೆಯ ಹೆಣ್ಣು ತರುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಒಂದು ದಿನ ಡೈರಿಯ ಕಮಿಟಿಯವರು ಸೇರಿ, ಇನ್ನು ಕೆಂಪಕ್ಕನ ಹಾಲು ತೆಗೆದುಕೊಳ್ಳುವುದು ಬೇಡ ಅಂದುಬಿಟ್ಟರು.

ನಾನು ಹೋದಾಗ ದೊಡ್ಡವ್ವ ಕೊಟ್ಟಿಗೆಯಲ್ಲಿದ್ದರು. ಅಳುತ್ತಿರಲಿಲ್ಲ. ಹಸುಗಳಿಗೆ ಹೊಸ ಹಗ್ಗ ತಂದಿಟ್ಟಿದ್ದರು.

"ಸಂತೆ ದಿಸ ಯಾಪಾರದೋರು ಬತ್ತಾರೆ ಮಗ. ಅಸು ಕೊಟ್ಬುಡ್ತೀನಿ" ಅಂದರು.

"ಯಾಕೆ ದೊಡ್ಡವ್ವ? ಹಾಲು ಬೇರೆ ಕಡೆ ಹಾಕಿದರಾಯ್ತು."

"ಅಸು ಇದ್ರೆ ಆಲು ಕರೀಬೇಕು. ಆಲು ಕರೆದ್ರೆ ಬೀದೀಲಿ ತಕೊಂಡು ಓಗ್ಬೇಕು. ನನ್ ಕೈಲಿ ಕ್ಯಾನ್ ನೋಡ್ದೋರೆಲ್ಲ ನೀರು ಅಂತಾರೆ. ಬ್ಯಾಡ ಬುಡು."

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ವಿಷಯ ಹೇಳಿಕೊಂಡೆ. ಎಲ್ಲರೂ ಛೆ ಛೆ ಅಂದರು. ನಿಮ್ಮ ದೊಡ್ಡವ್ವ ಅಂಥವರಲ್ಲ ಬಿಡಿ ಸಾರ್, ನಮಗೆ ಗೊತ್ತಿಲ್ವಾ ಅಂದರು. ಮೇಡಂ ಮಾತ್ರ ಮಜ್ಜಿಗೆ ಮೆಣಸಿನಕಾಯಿ ಕಡಿಯುತ್ತ ಕೂತಿದ್ದರು. ಎಲ್ಲರೂ ಎದ್ದು ಹೋದ ಮೇಲೆ, "ಆ ಮಷೀನು ಬರ್ದಿಟ್ಕತದಾ?" ಅಂದರು.

"ಎಲ್ಲಾ ಬರೆದುಕೊಳ್ಳುತ್ತದಂತೆ. ಫೈಲು ಇರುತ್ತದಂತೆ."

"ತನ್ನಿ, ಕೇಳನ. ಆದ್ರೆ ಒಂದು ಮಾತು ಸಾರ್. ನಿಮ್ ದೊಡ್ಡವ್ವ ನೀರು ಆಕಿದ್ರೆ ಅದೂ ಬತ್ತದೆ. ನಾನು ಮುಚ್ಚಿಡಾಕಿಲ್ಲ. ಬ್ಯಾಡ ಅಂದ್ರೆ ಈಗ್ಲೇ ಅಂದ್ಬುಡಿ."

 ನನಗೆ ಕೋಪ ಬಂತು. ಆದರೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನು ನಾನಲ್ಲ. ಊರಿಗೆ ಹೋಗಿ ದೊಡ್ಡವ್ವನನ್ನು ಕೇಳಿದೆ. ಅವರು ಹುಲ್ಲು ಹಾಕುತ್ತಿದ್ದವರು ತಿರುಗಿ ಕೂಡ ನೋಡದೆ, "ಉಡುಕ್ಲಿ. ನೀರಿದ್ರೆ ನೀರು ಅನ್ಲಿ" ಅಂದರು. ಶಿವಣ್ಣನೂ ಪೆನ್ ಡ್ರೈವ್ ಕೊಡಲು ಹಿಂದೆಮುಂದೆ ನೋಡಲಿಲ್ಲ. "ನಂಗೂ ಅನ್ನ ಸೇರ್ತಿಲ್ಲ ಸಾ. ಎಂಗಾರಾ ಮಾಡಿ ಆವಮ್ಮಂಗೆ ಒಳ್ಳೇದಾಗ್ಲಿ" ಅಂದು ಕಣ್ಣು ಒರೆಸಿಕೊಂಡ.

ಮಧ್ಯಾಹ್ನದ ತರಗತಿಗಳು ಮುಗಿದ ಮೇಲೆ ಲ್ಯಾಬಿನಲ್ಲಿ ಮೇಡಂ ಕೂತರು. ನಾನು ಅವರ ಬೆನ್ನ ಹಿಂದೆ ನಿಂತೆ. ಮಷೀನು ಬರೆದದ್ದರಲ್ಲಿ ಒಬ್ಬೊಬ್ಬರ ಹಾಲಿಗೆ ಒಂದೊಂದು ಸಾಲು, ಆ ಸಾಲಿನಲ್ಲಿ ಸದಸ್ಯರ ನಂಬರು, ನೀರು ಕಂಡರೆ ಅದಕ್ಕೊಂದು ಗುರುತು. ಮೇಡಂ ಮೊದಲು ದೊಡ್ಡವ್ವನ ನಂಬರನ್ನೂ ನೀರಿನ ಗುರುತನ್ನೂ ಒಟ್ಟಿಗೆ ಕೊಟ್ಟು ಕೇಳಿದರು. ಪರದೆಯ ಮೇಲಿಂದ ಕೆಳಗಿನವರೆಗೆ ಬರೀ ನೀರು.  ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಮೇಲೆ ತಿರುವಿ ಕೇಳಿದರು. ನೀರಿನ ಗುರುತು ಇರಬೇಕು, ಆದರೆ ದೊಡ್ಡವ್ವನ ನಂಬರು ಇರಬಾರದು. ಅಲ್ಲಲ್ಲಿ ಕೆಲವು ಸಾಲು ಬಂದವು. ಬೇರೆ ಬೇರೆ ನಂಬರು, ಬೇರೆ ಬೇರೆ ದಿನ. ನಾನು ಕುಣಿದೆ. "ನೋಡಿ ಮೇಡಂ! ಬೇರೆಯವರೂ ನೀರು ಹಾಕಿದ್ದಾರೆ!"

"ಬೇರೆಯೋರು ಕಳ್ರಾದ್ರೆ ನಿಮ್ ದೊಡ್ಡವ್ವ ಸಾಚಾ ಆಯ್ತಾರಾ ಸಾರ್? ಸುಮ್ನೆ ನಿಂತ್ಕಳಿ."

ಸುಮ್ಮನೆ ನಿಂತೆ. ಮೇಡಂ ಗಲ್ಲಕ್ಕೆ ಕೈ ಕೊಟ್ಟು ಆ ಕೆಲವು ಸಾಲುಗಳನ್ನೇ ನೋಡುತ್ತಿದ್ದರು. ಗ್ರೆಪ್‌ಗೆ ಇನ್ನೊಂದು ಗುಣವಿದೆ. ಸಿಕ್ಕಿದ ಸಾಲಿನ ಜೊತೆಗೆ ಅದರ ಹಿಂದಿನ ಸಾಲನ್ನೂ ತೋರಿಸು ಅಂದರೆ ತೋರಿಸುತ್ತದೆ. ನಾನು ಕಳ್ಳರನ್ನು ಹುಡುಕುತ್ತಿದ್ದೆ. ಮೇಡಂ ಕಳ್ಳತನಕ್ಕೆ ಮುಂಚೆ ಏನಾಯಿತು ಅಂತ ಕೇಳಿದರು. ಪರದೆಯಲ್ಲಿ ಸಾಲುಗಳು ಜೋಡಿಜೋಡಿಯಾಗಿ ಬಂದವು. ಪ್ರತಿ ನೀರಿನ ಸಾಲಿನ ತಲೆಯ ಮೇಲೂ ಒಂದೇ ಸಾಲು: ಮಷೀನು ತೊಳೆಯಲಾಯಿತು. ದೊಡ್ಡವ್ವನ ಸಾಲುಗಳಿಗೂ ಅದೇ, ಬೇರೆಯವರ ಸಾಲುಗಳಿಗೂ ಅದೇ. ತೊಳೆದದ್ದು, ನೀರು. ತೊಳೆದದ್ದು, ನೀರು.

ನನಗೆ ಅಷ್ಟು ಸಾಕಿತ್ತು. ಅಲ್ಲೇ ಊರಿಗೆ ಫೋನು ಮಾಡಲು ಹೊರಟೆ. "ಇಡಿ ಕೆಳಗೆ" ಅಂದರು ಮೇಡಂ. "ನಮ್ ಮಾತು ನಿಜ ಅನ್ನೋ ಸಾಲು ಸಿಕ್ತು. ಸುಳ್ಳು ಅನ್ನೋ ಸಾಲು ಐತಾ ಅಂತ ಕೇಳ್ಬೇಡ್ವಾ?"

ತೊಳೆದ ತಕ್ಷಣ ಬಂದರೂ ನೀರಿಲ್ಲದ ಹಾಲು ಇದೆಯೇ ಎಂದು ಕೇಳಿದರು. ಏನೂ ಬರಲಿಲ್ಲ. ಅಷ್ಟಕ್ಕೆ ಅವರು ಒಪ್ಪಲಿಲ್ಲ. ತಾವು ಕೇಳಿದ ರೀತಿಯೇ ತಪ್ಪಿರಬಹುದು ಎಂದು, ಖಂಡಿತ ಇರುವ ಒಂದು ಸಾಲನ್ನು ಅದೇ ರೀತಿ ಕೇಳಿ, ಅದು ಬಂದ ಮೇಲೆ ಮೊದಲಿನದನ್ನೇ ಮತ್ತೆ ಕೇಳಿದರು. ಆಗಲೂ ಏನೂ ಬರಲಿಲ್ಲ. ಕೊನೆಗೆ, ತೊಳೆದ ತಕ್ಷಣವಲ್ಲದೆ ಬೇರೆ ಹೊತ್ತಿನಲ್ಲಿ ಬಂದ ದೊಡ್ಡವ್ವನ ಹಾಲು ಇದೆಯೇ ಎಂದು ಕೇಳಿದರು. ಆಗ ಸಿಕ್ಕಿತು ಒಂದೇ ಒಂದು ಸಾಲು. ದಿನಾಂಕ ನೋಡಿದೆ, ದೊಡ್ಡವ್ವ ಮಗಳ ಮನೆಯ ನಾಮಕರಣಕ್ಕೆ ಹೋಗಿ ತಡವಾಗಿ ಬಂದ ದಿನದ್ದು. ಅಂದು ಬೋಣಿ ಬೇರೆ ಯಾರದೋ ಆಗಿತ್ತು, ನೀರು ಅವರ ಪಾಲಿಗೆ ಬಂದಿತ್ತು. ಸಾಲಿನ ನಡುವೆ ನಿಂತು ಹಾಕಿದ ದೊಡ್ಡವ್ವನ ಹಾಲು ಆ ದಿನ ಊರಿನ ಎಲ್ಲರ ಹಾಲಿಗಿಂತ ಗಟ್ಟಿ.

 ಮೇಡಂ ಕಂಪ್ಯೂಟರ್ ಆರಿಸಿದರು. "ಫೈಲು ಯೋಳುದ್ರೆ ಊರಿನೋರು ನಂಬಾಕಿಲ್ಲ. ಮಷೀನ್ನೇ ಕೇಳ್ಬೇಕು. ನಡೀರಿ, ಸಾಯಂಕಾಲದ ಆಲು ಅಳಿಯೋ ಒತ್ತಿಗೆ ಓಗನ" ಅಂದರು. ಪಾಂಡವಪುರದ ತಮ್ಮ ಬಸ್ಸು ಬಿಟ್ಟು ನನ್ನ ಜೊತೆ ಸಂತೆಬಾಚಹಳ್ಳಿ ಕಡೆಯ ಬಸ್ಸು ಹತ್ತಿದರು. ಮಾರನೆಯ ದಿನವೇ ಸಂತೆ.

ನಾವು ಹೋದಾಗ ಡೈರಿಯ ಮುಂದೆ ಸಾಲು ನಿಂತಿತ್ತು. ಶಿವಣ್ಣ ಮಷೀನು ತೊಳೆಯುತ್ತಿದ್ದ. ಮೇಡಂ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ಕೇಳಿದರು.

"ತೊಳೆದ್ಮೇಲೆ ಏನ್ ಮಾಡ್ತೀಯಣ್ಣ?"

"ಬೋಣಿ ಮಾಡ್ತೀನವ್ವ."

"ಅದ್ಕೂ ಮುಂಚೆ? ಒಂದು ಲೋಟ ಆಲು ಎಳ್ಸಿ, ಆ ಆಲ್ನ ಚೆಲ್ಲಾಕಿಲ್ವಾ? ಕೊಳವೇಲಿ ತೊಳ್ದಿರೋ ನೀರು ನಿಂತಿರ್ತದಲ್ಲ?"

ಶಿವಣ್ಣ ಎರಡೂ ಕೆನ್ನೆ ಮುಟ್ಟಿಕೊಂಡ. "ಆಲು ಚೆಲ್ಲಾದಾ? ಎಲ್ಲಾರಾ ಉಂಟಾ ತಾಯಿ? ಮಷೀನು ಕೂರ್ಸಿದ ಉಡುಗ ಅಂಗೇ ಅಂದಿದ್ದ. ಲಕ್ಸ್ಮಿ ಕಣವ್ವ ಅದು. ಬೆಳಗೆದ್ದು ಬೋಣಿಗೂ ಮುಂಚೆ ಆಲ್ನ ಮೋರಿಗೆ ಉಯ್ಯಾಕೆ ನನ್ ಕೈ ಬರ್ನಿಲ್ಲ."

ಸಾಲಿನಲ್ಲಿದ್ದ ಹೆಂಗಸರು ಹೌದು ಹೌದು ಎಂದು ತಲೆದೂಗಿದರು. ಆ ಊರಿನಲ್ಲಿ ಯಾರೇ ಆ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದರು. ಹಾಲು ಉಕ್ಕಿ ಒಲೆಗೆ ಬಿದ್ದರೂ ಕೈಮುಗಿಯುವ ಜನ. ಮೇಡಂ ಅವನನ್ನು ಬೈಯಲಿಲ್ಲ. ಬೈಯದೇ ಇದ್ದದ್ದು ನಾನು ಕಂಡದ್ದು ಅದೊಂದೇ ಸಲ. "ನಿಮ್ಮನೆ ಆಲು ಎಲ್ಲೈತೆ?" ಅಂದರು. ಶಿವಣ್ಣನ ಹೆಂಡತಿ ಸಾಲಿನಲ್ಲೇ ಇದ್ದಳು. "ಇವತ್ತು ನಿಮ್ದೇ ಬೋಣಿ ಮಾಡು" ಅಂದರು.

ಕೊಳವೆ ಅದ್ದಿದ. ಚೀಟಿ ಬಂತು. ನೀರು.

ಶಿವಣ್ಣನ ಹೆಂಡತಿಯ ಮುಖ ಬೆಂಕಿಯಾಯಿತು. "ನಾನಾ? ನಾನಾ ನೀರು ಆಕೋಳು?"

"ಅದೇ ಆಲ್ನ ಇನ್ನೊಂದು ಲೋಟ ತಗಿಯಣ್ಣ" ಅಂದರು ಮೇಡಂ.

ಎರಡನೆಯ ಚೀಟಿಯಲ್ಲಿ ನೀರಿರಲಿಲ್ಲ. ಅದೇ ಕ್ಯಾನು, ಅದೇ ಹಾಲು.  ಶಿವಣ್ಣ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದು ನೋಡಿದ. ಮರ್ಯಾದೆ ಕೊಡಬೇಕು ಅಂತಲೇ ಆತ ದೊಡ್ಡವ್ವನನ್ನು ದಿನಾ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿದ್ದದ್ದು. ಆ ಮರ್ಯಾದೆಯೇ ಅವರಿಗೆ ಕಳ್ಳಿಯ ಹೆಸರು ತಂದಿತ್ತು. ಅದು ತಲೆಗೆ ಹೋಗುತ್ತಲೇ ಆತ ಅಳತೆ ಕೆಲಸವನ್ನು ಹಾಗೇ ಬಿಟ್ಟು ದೊಡ್ಡವ್ವನ ಮನೆಯ ಕಡೆ ಓಡಿದ. ಹಿಂದೆಯೇ ಸಾಲಿಗೆ ಸಾಲೇ ಹೊರಟಿತು, ಕ್ಯಾನುಗಳ ಸಮೇತ.

ದೊಡ್ಡವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಶಿವಣ್ಣ ಕಾಲಿಗೆ ಬಿದ್ದ. ಏದುಸಿರು ಬಿಡುತ್ತ ನಡೆದದ್ದನ್ನೆಲ್ಲ ಹೇಳಿದ. ಕಮಿಟಿಯವರಿಗೆ ತಾನೇ ಹೇಳುತ್ತೇನೆ, ನಾಳೆಯಿಂದ ಒಂದು ಲೋಟ ಚೆಲ್ಲಿಯೇ ಬೋಣಿ ಮಾಡುತ್ತೇನೆ, ಪಾಪ ಬಂದರೆ ನನಗೆ ಬರಲಿ, ನಾಳೆ ಬೆಳಿಗ್ಗೆ ನೀನು ಬರಲೇಬೇಕು ಅಂದ. ತುಂಬಾ ಪಿಸುಗುಟ್ಟಿದ್ದವರೇ ತುಂಬಾ ಗಟ್ಟಿಯಾಗಿ, ನಮಗೆ ಮೊದಲೇ ಗೊತ್ತಿತ್ತು ಕೆಂಪಕ್ಕ, ನೀನು ಅಂಥೋಳಲ್ಲ ಅಂತ ನಾವು ಅವತ್ತಿನಿಂದಲೂ ಅಂತಿದ್ದೋ ಅಂದರು. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡರು. ಶಿವಣ್ಣನನ್ನು ಎಬ್ಬಿಸಿ, "ಬತ್ತೀನಿ ಓಗು, ಅಲ್ಲಿ ಆಲು ಒಡೆದೋದಾತು" ಅಂದರು. ಆಮೇಲೆ ಜನರ ಹಿಂದೆ, ಕಡೆಯಲ್ಲಿ ನಿಂತಿದ್ದ ಮೇಡಂ ಹತ್ತಿರ ತಾವೇ ನಡೆದು ಬಂದರು.

"ನೀನೇನವ್ವ ಉಡುಕ್ದೋಳು?"

"ಊಂ ಕಣವ್ವ."

"ಒಂದು ಮಾತು ಕೇಳ್ತೀನಿ, ನಿಜ ಯೋಳ್ಬೇಕು. ಉಡುಕಾಕೆ ಕೂತ್ಕಂಡೆಯಲ್ಲ, ಆಗ ನಾನು ನೀರು ಆಕಿಲ್ಲ ಅಂತ ನಂಬಿದ್ದಾ?"

ನಾನು ಮೇಡಂ ಕಡೆ ನೋಡಿದೆ. ಒಂದೇ ಒಂದು ಸುಳ್ಳು ಹೇಳಿಬಿಡಿ ಮೇಡಂ, ಈ ಹೊತ್ತಿಗೆ ಒಂದೇ ಒಂದು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಕಣವ್ವ" ಅಂದರು ಮೇಡಂ. "ಆಕಿದ್ರೂ ಆಕಿರ್ಬೋದು ಅಂತ್ಲೇ ಕೂತಿದ್ದು."

 ದೊಡ್ಡವ್ವ ಮೇಡಂ ಮುಖವನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದವರು ಆಗ ಅತ್ತರು.

"ನಂಬಿದ್ದೋರೆಲ್ಲ ಅವರವರ ಮನೇಲೇ ಕೂತಿದ್ರು ಕಣವ್ವ. ನಂಬ್ದೇ ಇದ್ದೋಳು ನೀನೊಬ್ಳು ಬಂದೆ."